ಓವರ್‌ಡೋಸ್‌ನಿಂದ ಬದುಕಿ ಬಂದ ತಮ್ಮ ಈಗ ಎಲ್ಲ ಮರೆಯುತ್ತಾನೆ. ಸುಳ್ಳಾ, ನಿಜವಾ?

ಕೆರೆದಂಡೆ | ಭಾನುವಾರ, ರಾತ್ರಿ 11:40

ಯಾರನ್ನು ಕೇಳಬೇಕೋ ಗೊತ್ತಾಗದೆ ಇಲ್ಲಿ ಬರೆಯುತ್ತಿದ್ದೇನೆ. ಊರು, ಹೆಸರು ಹೇಳುವುದಿಲ್ಲ, ಬೇಜಾರು ಮಾಡ್ಕೋಬೇಡಿ.

ನನ್ನ ತಮ್ಮನಿಗೆ 26 ವರ್ಷ. ಮೂರು ವರ್ಷದ ಹಿಂದೆ ಬೈಕಿನಿಂದ ಬಿದ್ದು ಭುಜ ಮುರಿದಿತ್ತು. ನೋವಿಗೆ ಕೊಟ್ಟ ಮಾತ್ರೆಯನ್ನು ನೋವು ಹೋದ ಮೇಲೂ ಬಿಡಲಿಲ್ಲ. ಆಮೇಲೆ ಟಪೆಂಟಡಾಲ್ ಅನ್ನುವ ನೋವಿನ ಮಾತ್ರೆ ಪುಡಿ ಮಾಡಿ, ನೀರಿನಲ್ಲಿ ಕರಗಿಸಿ ಚುಚ್ಚಿಕೊಳ್ಳುವ ತನಕ ಹೋಯಿತು. ನಮಗೆ ತಿಳಿದದ್ದು ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಿ ದುಡ್ಡು ಕಡಿಮೆಯಾಗಲು ಶುರುವಾದಾಗ.

ಹೋದ ತಿಂಗಳು ಒಂದು ರಾತ್ರಿ ಜೋರಾಗಿ ಗೊರಕೆ ಹೊಡೆಯುತ್ತಿದ್ದ. ಮಾಮೂಲಿ ಗೊರಕೆ ಅಲ್ಲ, ಗಂಟಲಲ್ಲಿ ನೀರು ಕುದಿಯುವ ಹಾಗೆ. ಅಮ್ಮ "ಎಷ್ಟು ದಿನ ಆಯ್ತೋ ಇಷ್ಟು ಚೆನ್ನಾಗಿ ನಿದ್ದೆ ಮಾಡಿ, ಮಲಗಲಿ ಬಿಡು" ಅಂದರು. ಸ್ವಲ್ಪ ಹೊತ್ತಿಗೆ ಗೊರಕೆ ನಿಂತಿತು. ನೀರು ಕುಡಿಯಲು ಎದ್ದವಳು ಸುಮ್ನೆ ಇಣುಕಿದೆ. ತುಟಿ ಬೂದಿ ಬಣ್ಣಕ್ಕೆ ತಿರುಗಿತ್ತು. ಎಷ್ಟು ಹೊತ್ತಿನಿಂದ ಹಾಗಿದ್ದನೋ ಗೊತ್ತಿಲ್ಲ. ಎರಡು ದಿನ ಐಸಿಯುನಲ್ಲಿದ್ದ. ಬದುಕಿದ. "ಸಿಟಿ ಸ್ಕ್ಯಾನ್ ನಾರ್ಮಲ್, ಇನ್ನು ಆ ಚಟ ಬಿಡಿಸಿ" ಅಂತ ಹೇಳಿ ಮನೆಗೆ ಕಳಿಸಿದರು.

ಈಗಿನ ಕತೆ ಹೀಗೆ. ತಿಂಡಿ ತಿಂದು ಅರ್ಧ ಗಂಟೆಗೆ "ತಿಂಡಿ ಏನು?" ಅಂತ ಕೇಳುತ್ತಾನೆ. ಗ್ಯಾಸ್ ಬುಕ್ ಮಾಡು ಅಂದರೆ ಒಂದೋ ಮಾಡುವುದೇ ಇಲ್ಲ, ಇಲ್ಲ ಎರಡು ಸಲ ಮಾಡುತ್ತಾನೆ. ನಮ್ಮ ದೊಡ್ಡಪ್ಪ ತೀರಿಕೊಂಡರು. ಇವನೂ ಮಣ್ಣಿಗೆ ಬಂದಿದ್ದ, ಅತ್ತ. ನಾಲ್ಕು ದಿನಕ್ಕೆ "ದೊಡ್ಡಪ್ಪ ಯಾಕೆ ಫೋನೇ ಮಾಡಿಲ್ಲ" ಅಂದ. ಆದರೆ ಏಳನೇ ಕ್ಲಾಸಿನ ಮೇಷ್ಟ್ರ ಹೆಸರು, ಹಳೆ ಮ್ಯಾಚಿನ ಸ್ಕೋರು ಎಲ್ಲ ಬಾಯಿಪಾಠ.

ಅಪ್ಪ ಇದೆಲ್ಲ ನಾಟಕ ಅನ್ನುತ್ತಾರೆ. ಚಟ ಬಿಡಿಸುವ ಕೇಂದ್ರವೊಂದಕ್ಕೆ ಸೇರಿಸಿದ್ದೆವು. "ಸಹಕರಿಸುತ್ತಿಲ್ಲ, ಹೇಳಿದ್ದನ್ನು ಬೇಕಂತಲೇ ಮಾಡುವುದಿಲ್ಲ" ಅಂತ ಹನ್ನೊಂದನೇ ದಿನ ವಾಪಸ್ ಕಳಿಸಿದರು. ಮೂರು ವರ್ಷ ನಮಗೆ ಸುಳ್ಳು ಹೇಳಿದವನು. ನಂಬುವುದು ಹೇಗೆ?

ಗಡಸುಮಾತು | ಸೋಮವಾರ, ಬೆಳಿಗ್ಗೆ 7:15

ಖಾರವಾಗಿ ಹೇಳುತ್ತೇನೆ, ಬೈದುಕೊಳ್ಳಿ. ನಮ್ಮ ಬೀದಿಯಲ್ಲೇ ಇಬ್ಬರನ್ನು ನೋಡಿದ್ದೇನೆ. ಈ ಚಟದವರಿಗೆ ಬೇಕಾದ್ದು ನೆನಪಿರುತ್ತದೆ, ಬೇಡದ್ದು ಮರೆಯುತ್ತದೆ. ಮಾತ್ರೆ ಎಲ್ಲಿ ಸಿಗುತ್ತದೆ ಅಂತ ನಿಮ್ಮ ತಮ್ಮನನ್ನು ಕೇಳಿ ನೋಡಿ, ಥಟ್ಟನೆ ಹೇಳುತ್ತಾನೆ. ಗ್ಯಾಸ್ ಬುಕ್ ಮಾಡುವುದು ಮಾತ್ರ ಮರೆಯುತ್ತದಾ? ನಿಮ್ಮಪ್ಪ ಹೇಳುವುದೇ ಸರಿ.

ಎರಡನೇ_ಇನ್ನಿಂಗ್ಸ್ | ಸೋಮವಾರ, ಬೆಳಿಗ್ಗೆ 9:02

ಗಡಸುಮಾತು ಅವರೇ, ನಾನೂ ಆ ಪೈಕಿ. ಬಿಟ್ಟು ಆರು ವರ್ಷ ಆಯಿತು. ನಾವು ಸುಳ್ಳು ಹೇಳುತ್ತೇವೆ, ಒಪ್ಪಿದೆ. ಸುಳ್ಳಿನಲ್ಲಿ ಡಾಕ್ಟರೇಟ್ ಕೊಡುವುದಾದರೆ ನನಗೆ ಎರಡು ಸಿಗಬೇಕು. ಆದರೆ ನಾನು ಹೇಳಿದ ಒಂದೊಂದು ಸುಳ್ಳಿನ ಹಿಂದೆಯೂ ಏನೋ ಒಂದು ಬೇಕಾಗಿತ್ತು. ದುಡ್ಡು, ಇಲ್ಲ ಟೈಮು, ಇಲ್ಲ ಬೈಗುಳ ತಪ್ಪಿಸಿಕೊಳ್ಳುವುದು. ದೊಡ್ಡಪ್ಪ ಸತ್ತದ್ದನ್ನು ಮರೆತ ಹಾಗೆ ನಟಿಸಿದರೆ ಯಾವನಿಗೆ ಏನು ಸಿಗುತ್ತದೆ? ತಿಂದ ತಿಂಡಿ ಮರೆತರೆ ಎರಡನೇ ಪ್ಲೇಟು ಉಪ್ಪಿಟ್ಟು ಸಿಗಬಹುದು, ಅಷ್ಟೇ.

ಅಕ್ಕ, ಪುಸ್ತಕ ಇಟ್ಟುಕೊಂಡು ಒಂದು ವಾರ ಅವನು ಮರೆತದ್ದನ್ನೆಲ್ಲ ಬರೆಯಿರಿ. ಮರೆತರೆ ಅವನಿಗೆ ಲಾಭ ಆಗುವಂಥದ್ದನ್ನು ಮಾತ್ರ ಮರೆಯುತ್ತಾನಾ, ಲಾಭ ನಷ್ಟ ಎರಡೂ ಇಲ್ಲದ್ದನ್ನೂ ಮರೆಯುತ್ತಾನಾ ನೋಡಿ.

ನನ್ನದು ನಿಮ್ಮ ತಮ್ಮನಷ್ಟು ಕೆಟ್ಟದಿರಲಿಲ್ಲ. ಎರಡು ಸಲ ಓವರ್‌ಡೋಸ್ ಆಗಿ, ಎರಡು ಸಲವೂ ಗೆಳೆಯರು ಎಬ್ಬಿಸಿದರು. ಬಿಟ್ಟ ಮೇಲಿನ ಮೊದಲ ಆರೇಳು ತಿಂಗಳು ತಲೆಯೊಳಗೆ ಹತ್ತಿ ತುಂಬಿದ ಹಾಗಿತ್ತು. ಅಂಗಡಿಗೆ ಹೋಗಿ ನಿಂತು, ಯಾಕೆ ಬಂದೆ ಅಂತ ವಾಪಸ್ ಬರುತ್ತಿದ್ದೆ. ಕೌನ್ಸೆಲರ್ ಮುಕ್ಕಾಲು ಗಂಟೆ ಮಾತಾಡಿದರೆ ಕೊನೇ ಐದು ನಿಮಿಷ ಮಾತ್ರ ಉಳಿಯುತ್ತಿತ್ತು. "ಇವನಿಗೆ ಬಿಡುವ ಮನಸ್ಸಿಲ್ಲ" ಅಂತ ಬರೆದರು. ಮನಸ್ಸಿತ್ತು ಸ್ವಾಮಿ, ಹೇಳಿದ್ದು ಉಳಿಯುತ್ತಿರಲಿಲ್ಲ.

ನರ_ನಾಡಿ | ಸೋಮವಾರ, ಮಧ್ಯಾಹ್ನ 1:30

ನಾನು ಔಷಧ ಬರೆಯುವ ಡಾಕ್ಟರಲ್ಲ. ನೆನಪು, ಗಮನ, ಯೋಚನೆ ಪರೀಕ್ಷೆ ಮಾಡುವ ಮನಶ್ಶಾಸ್ತ್ರಜ್ಞೆ. ನೋಡದೆ ನಿಮ್ಮ ತಮ್ಮನಿಗೆ ಇಂಥದ್ದೇ ಆಗಿದೆ ಅಂತ ಹೇಳಲಾರೆ. ಆದರೆ ನೀವು ಬರೆದದ್ದರಲ್ಲಿ "ತುಟಿ ಬೂದಿ ಬಣ್ಣ" ಮತ್ತು "ಹಳೆಯದು ನೆನಪಿದೆ, ಹೊಸದು ನಿಲ್ಲುವುದಿಲ್ಲ" ಅನ್ನುವ ಎರಡು ಮಾತು ಓದಿದ ಕೂಡಲೇ ನೆಟ್ಟಗೆ ಕೂತೆ.

ಅಫೀಮು, ಹೆರಾಯಿನ್, ಮಾರ್ಫಿನ್, ಫೆಂಟನಿಲ್, ಟ್ರಮಡಾಲ್, ಟಪೆಂಟಡಾಲ್ ಎಲ್ಲ ಒಂದೇ ಕುಟುಂಬ, ಓಪಿಯಾಯ್ಡ್ ಅನ್ನುತ್ತಾರೆ. ನೋವು ಅಡಗಿಸುವ ಜಾಗಕ್ಕೆ ಅಂಟಿಕೊಳ್ಳುವ ಹಾಗೆಯೇ ಮಿದುಳಿನ ಬುಡದಲ್ಲಿ ಉಸಿರಾಟ ನಡೆಸುವ ಜಾಗಕ್ಕೂ ಅಂಟಿಕೊಳ್ಳುತ್ತವೆ. ಉಸಿರು ಕಟ್ಟಿದರೆ ನಮಗೆ ಒದ್ದಾಟ ಆಗುತ್ತದಲ್ಲ, ಆ ಒದ್ದಾಟವನ್ನೇ ಅಳಿಸಿಬಿಡುತ್ತವೆ. ಹಾಗಾಗಿ ಮನುಷ್ಯ ಸದ್ದಿಲ್ಲದೆ ಉಸಿರಾಡುವುದನ್ನೇ ಕಡಿಮೆ ಮಾಡುತ್ತಾ ಹೋಗುತ್ತಾನೆ. ನೋಡುವವರಿಗೆ ಗಾಢ ನಿದ್ದೆಯ ಹಾಗೆ ಕಾಣುತ್ತದೆ. ಅಮ್ಮನ ಮೇಲೆ ಸಿಟ್ಟಾಗಬೇಡಿ, ಆ ಗೊರಕೆ ತುಂಬಾ ಮನೆಗಳನ್ನು ಮೋಸಗೊಳಿಸಿದೆ.

ಮಿದುಳಿನ ತೂಕ ಮೈತೂಕದಲ್ಲಿ ನೂರಕ್ಕೆ 2 ಭಾಗ. ತಿನ್ನುವ ಆಮ್ಲಜನಕ ನೂರಕ್ಕೆ 20. ನಾಲ್ಕೈದು ನಿಮಿಷ ಪೂರ್ತಿ ನಿಂತರೆ ಜೀವಕೋಶ ಸಾಯಲು ಶುರು. ಎಲ್ಲ ಕಡೆ ಒಂದೇ ಸಮ ಸಾಯುವುದಿಲ್ಲ. ಕೆಲವು ಜಾಗಗಳು ಮೊದಲು ಬಲಿಯಾಗುತ್ತವೆ. ಅದರಲ್ಲೊಂದು ಹಿಪ್ಪೊಕ್ಯಾಂಪಸ್. ಕಿವಿಯ ನೇರಕ್ಕೆ ಒಳಗೆ, ಎರಡೂ ಪಕ್ಕ ಒಂದೊಂದು ಇದೆ. ಕಡಲಕುದುರೆಯ ಹಾಗೆ ಬಾಗಿದ ತುಂಡು. ಇವತ್ತಿನ ಅನುಭವವನ್ನು ನಾಳೆಯ ನೆನಪಾಗಿ ಹೊಲಿಯುವ ಕೆಲಸ ಅದರದ್ದು. ಹಳೆಯ ಬಟ್ಟೆ ಬೀರುವಿನಲ್ಲಿ ಹಾಗೇ ಇರುತ್ತದೆ, ಹೊಲಿಗೆ ಮಿಷನ್ ಮಾತ್ರ ಕೆಟ್ಟಿದೆ ಅಂದುಕೊಳ್ಳಿ.

1953ರಲ್ಲಿ ಅಮೆರಿಕದಲ್ಲಿ ಹೆನ್ರಿ ಮೊಲೈಸನ್ ಅನ್ನುವ 27 ವರ್ಷದವನಿಗೆ ಮೂರ್ಛೆರೋಗ ವಾಸಿ ಮಾಡಲು ಎರಡೂ ಕಡೆಯ ಹಿಪ್ಪೊಕ್ಯಾಂಪಸ್‌ನ ದೊಡ್ಡ ಪಾಲನ್ನು ತೆಗೆದರು. ಆಮೇಲೆ 2008ರಲ್ಲಿ ಸಾಯುವ ತನಕ ಅವನಿಗೆ ಹೊಸ ನೆನಪು ನಿಲ್ಲಲೇ ಇಲ್ಲ. ಗಡಸುಮಾತು ಅವರ ಪ್ರಶ್ನೆಗೆ ಉತ್ತರ ಅವನ ಹತ್ತಿರವೇ ಇದೆ. ಬ್ರೆಂಡಾ ಮಿಲ್ನರ್ ಅನ್ನುವ ಮನಶ್ಶಾಸ್ತ್ರಜ್ಞೆ ಅವನಿಗೆ ಕನ್ನಡಿಯಲ್ಲಿ ನೋಡಿಕೊಂಡು ನಕ್ಷತ್ರದ ಗೆರೆ ತಿದ್ದಲು ಕೊಟ್ಟರು. ದಿನದಿಂದ ದಿನಕ್ಕೆ ಕೈ ಪಳಗಿತು. ಆದರೆ ಮುಂಚೆ ತಿದ್ದಿದ್ದೇ ಅವನಿಗೆ ನೆನಪಿರಲಿಲ್ಲ. ಕೈಯ ಅಭ್ಯಾಸ ಕಲಿಯುವ ದಾರಿ ಬೇರೆ, ಘಟನೆ ನೆನಪಿಡುವ ದಾರಿ ಬೇರೆ. ಚಟ ಕೂತಿರುವುದು ಅಭ್ಯಾಸದ ದಾರಿಯಲ್ಲಿ. ಮಾತ್ರೆ ಸಿಗುವ ಗಲ್ಲಿ ನೆನಪಿದ್ದು, ಬೆಳಗಿನ ತಿಂಡಿ ಮರೆಯುವುದು ಖಂಡಿತ ಸಾಧ್ಯ. ಅದೇ ಭಯದ ವಿಷಯ ಕೂಡ. ಸಾವಿನ ಬಾಗಿಲಿಗೆ ಹೋಗಿ ಬಂದದ್ದು ಮರೆತಿರುತ್ತದೆ, ಆಸೆ ಮರೆತಿರುವುದಿಲ್ಲ.

ಸಿಟಿ ಸ್ಕ್ಯಾನ್ ನಾರ್ಮಲ್ ಅಂದರೆ ಸಮಾಧಾನ ಪಡಬೇಡಿ. ಇಂಥ ಗಾಯ ಅದರಲ್ಲಿ ಎಷ್ಟೋ ಸಲ ಕಾಣುವುದಿಲ್ಲ. ಎಂಆರ್‌ಐ ಬೇಕು, ಅದೂ ಮೊದಲ ದಿನಗಳಲ್ಲಿ ಆದರೆ ಸ್ಪಷ್ಟ. ಈಗ ತಡವಾಗಿದೆ, ಆದರೂ ನರರೋಗ ತಜ್ಞರಿಗೆ ತೋರಿಸಿ.

ಕೆರೆದಂಡೆ | ಸೋಮವಾರ, ಸಂಜೆ 6:10

ಮೂರು ಸಲ ಓದಿದೆ. ಅಪ್ಪನಿಗೂ ಓದಿ ಹೇಳಿದೆ. ಏನೂ ಅನ್ನಲಿಲ್ಲ, ಟಿವಿ ಸೌಂಡ್ ಕಡಿಮೆ ಮಾಡಿದರು.

ಬಾಸ್ಟನ್_ಬೆಣ್ಣೆದೋಸೆ | ಮಂಗಳವಾರ, ಬೆಳಿಗ್ಗೆ 5:48

ದಾವಣಗೆರೆಯವಳು, ಈಗ ಮ್ಯಾಸಚೂಸೆಟ್ಸ್‌ನಲ್ಲಿ ನರ್ಸ್. ನಿಮ್ಮ ಪೋಸ್ಟ್ ಓದಿ ಮೈ ಜುಂ ಅಂತು, ಯಾಕಂದರೆ ಈ ಕತೆ ಜಗತ್ತಿಗೆ ಗೊತ್ತಾದದ್ದು ನಮ್ಮ ಈ ರಾಜ್ಯದಿಂದಲೇ.

ಇಲ್ಲಿನ ಒಬ್ಬ ನರರೋಗ ತಜ್ಞರು, ಜೆಡ್ ಬರಾಶ್ ಅಂತ, ವಿಚಿತ್ರವಾದ ರೋಗಿಗಳನ್ನು ಗಮನಿಸಿದರು. ಇನ್ನೂ ವಯಸ್ಸಾಗದವರು. ಇದ್ದಕ್ಕಿದ್ದಂತೆ ಹೊಸದೇನೂ ನೆನಪು ನಿಲ್ಲುತ್ತಿಲ್ಲ. ಎಂಆರ್‌ಐ ತೆಗೆದರೆ ಎರಡೂ ಕಡೆಯ ಹಿಪ್ಪೊಕ್ಯಾಂಪಸ್‌ಗೆ ಒಟ್ಟಿಗೆ ಪೆಟ್ಟು. ಎರಡೂ ಕಡೆ ಹೀಗೆ ಅಚ್ಚುಕಟ್ಟಾಗಿ ಪೆಟ್ಟಾಗುವುದು ಬಲು ಅಪರೂಪ. ಅವರು ರಾಜ್ಯದ ಆರೋಗ್ಯ ಇಲಾಖೆಗೆ ತಿಳಿಸಿದರು. ಇಲಾಖೆ ಬೇರೆ ಆಸ್ಪತ್ರೆಗಳನ್ನೂ ಕೇಳಿತು. 2012ರಿಂದ 2016ರ ನಡುವೆ ಒಟ್ಟು 14 ಜನ ಸಿಕ್ಕರು, 19ರಿಂದ 52 ವರ್ಷದವರು. ಹೆಚ್ಚಿನವರು ಓಪಿಯಾಯ್ಡ್ ಬಳಸಿದವರು. 2017ರ ಜನವರಿಯಲ್ಲಿ ಸಿಡಿಸಿಯ, ಅಂದರೆ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆಯ ವಾರಪತ್ರಿಕೆಯಲ್ಲಿ ವರದಿ ಬಂತು. ಆಮೇಲೆ ಬೇರೆ ರಾಜ್ಯಗಳಿಂದಲೂ ಇಂಥ ಕೇಸು ವರದಿಯಾದವು, ಫೆಂಟನಿಲ್ ಹೆಸರು ಮತ್ತೆ ಮತ್ತೆ ಬಂತು.

14 ಅಂದರೆ ಏನು ಮಹಾ ಅನ್ನಿಸಬಹುದು. ಆದರೆ ಓವರ್‌ಡೋಸ್ ಆಗಿ ಬಂದವನಿಗೆ ಯಾರು ನೆನಪಿನ ಪರೀಕ್ಷೆ ಮಾಡುತ್ತಾರೆ ಹೇಳಿ? ಎಮರ್ಜೆನ್ಸಿಯಲ್ಲಿ ನಾನೇ ಎಷ್ಟೋ ವರ್ಷ ಕೆಲಸ ಮಾಡಿದ್ದೇನೆ. ಹೆಸರು ಹೇಳಿದ, ನಡೆದ, ಉಚ್ಚೆ ಹೊಯ್ದ, ಸರಿ, ಮನೆಗೆ ಕಳಿಸು. ನೆಟ್ಟಗೆ ಮಾತಾಡುತ್ತಿದ್ದನಲ್ಲ, ಸಾಕು. ಹತ್ತು ನಿಮಿಷದ ಹಿಂದೆ ನಾನು ಹೇಳಿದ್ದೇನು ಅಂತ ಒಬ್ಬನನ್ನೂ ಕೇಳಿದ್ದು ನನಗೆ ನೆನಪಿಲ್ಲ.

ಇದು ಉಸಿರು ನಿಂತದ್ದರಿಂದ ಮಾತ್ರ ಆಗುತ್ತದಾ, ಔಷಧವೇ ನೇರವಾಗಿ ಆ ಜಾಗವನ್ನು ಸುಡುತ್ತದಾ ಅಂತ ಚರ್ಚೆ ಇದೆ. ಇಲಿಗಳಿಗೆ ಉಸಿರಾಟದ ಯಂತ್ರ ಹಾಕಿ, ಆಮ್ಲಜನಕ ಕಡಿಮೆಯಾಗದ ಹಾಗೆ ನೋಡಿಕೊಂಡು, ಫೆಂಟನಿಲ್ ಜಾತಿಯ ಔಷಧ ಜಾಸ್ತಿ ಕೊಟ್ಟಾಗಲೂ ನೆನಪಿಗೆ ಸಂಬಂಧಪಟ್ಟ ಭಾಗದಲ್ಲಿ ಗಾಯ ಕಂಡಿದೆ. ಎರಡೂ ಸೇರಿಯೇ ಹೊಡೆಯುತ್ತವೆ ಅಂತ ನನ್ನ ಅನಿಸಿಕೆ.

ಇನ್ನೊಂದು. ಕೆಲವರು ಓವರ್‌ಡೋಸ್‌ನಿಂದ ಪೂರ್ತಿ ಚೇತರಿಸಿಕೊಂಡು ಮನೆಗೆ ಹೋಗಿ, ಕೆಲವು ವಾರದ ಮೇಲೆ ಇದ್ದಕ್ಕಿದ್ದಂತೆ ಮಂಕಾಗುತ್ತಾರೆ, ನಡಿಗೆ ಬಿಗಿಯಾಗುತ್ತದೆ, ಮಾತು ಕಡಿಮೆಯಾಗುತ್ತದೆ. ಮಿದುಳಿನ ಬಿಳಿ ಭಾಗ ತಡವಾಗಿ ಕೆಡುವುದು ಅದು. ನಿಮ್ಮ ತಮ್ಮನ ನಡಿಗೆ ಸರಿ ಇದೆಯಾ ನೋಡಿ.

ಔಷಧದಂಗಡಿ | ಮಂಗಳವಾರ, ಬೆಳಿಗ್ಗೆ 10:20

ಇಪ್ಪತ್ತೆರಡು ವರ್ಷದಿಂದ ಮೆಡಿಕಲ್ ಶಾಪ್ ನಡೆಸುತ್ತಿದ್ದೇನೆ. ನಮ್ಮವರ ಮೇಲೂ ಸ್ವಲ್ಪ ಹೇಳಬೇಕು.

ಮೊದಲು ಟ್ರಮಡಾಲ್ ಕಾಟ ಇತ್ತು. 2018ರಲ್ಲಿ ಅದನ್ನು ಎನ್‌ಡಿಪಿಎಸ್, ಅಂದರೆ ಮಾದಕ ವಸ್ತುಗಳ ಕಾಯ್ದೆಯೊಳಗೆ ತಂದರು. ಆಮೇಲೆ ನನ್ನ ಕೌಂಟರ್‌ಗೆ ಟಪೆಂಟಡಾಲ್ ಕೇಳಿಕೊಂಡು ಹುಡುಗರು ಬರಲು ಶುರುವಾದರು. ಒಂದು ಬಾಗಿಲು ಮುಚ್ಚಿದರೆ ಪಕ್ಕದ ಕಿಟಕಿ. ಡಾಕ್ಟರ ಚೀಟಿ ಇಲ್ಲದೆ ಕೊಡುವ ಹಾಗಿಲ್ಲ. ಆದರೂ ಕೊಡುವವರಿದ್ದಾರೆ, ಮುಚ್ಚಿಡುವುದೇನು. ಕೆಲವರು ಹಳೆ ಚೀಟಿಯ ಜೆರಾಕ್ಸ್ ತರುತ್ತಾರೆ. ಒಬ್ಬ ಹುಡುಗ ಒಂದೇ ಚೀಟಿಯನ್ನು ನನಗೆ ಒಂದು ಮಧ್ಯಾಹ್ನದಲ್ಲಿ ಮೂರು ಸಲ ತೋರಿಸಿದ. ಮೋಸ ಮಾಡುತ್ತಿದ್ದಾನೆ ಅಂತ ಬೈದು ಓಡಿಸಿದ್ದೆ. ಈ ಚರ್ಚೆ ಓದಿದ ಮೇಲೆ ಅನುಮಾನ ಬರುತ್ತಿದೆ. ಮೊದಲೆರಡು ಸಲ ಬಂದದ್ದೇ ಅವನಿಗೆ ನೆನಪಿರಲಿಲ್ಲವೋ ಏನೋ.

2025ರ ಫೆಬ್ರವರಿಯಲ್ಲಿ ಟಪೆಂಟಡಾಲ್ ಮತ್ತು ಕ್ಯಾರಿಸೊಪ್ರೊಡಾಲ್ (ಸ್ನಾಯು ಸಡಿಲಿಸುವ ಔಷಧ) ಬೆರೆಸಿದ ಮಾತ್ರೆಯ ತಯಾರಿಕೆ, ರಫ್ತಿಗೆ ಕೇಂದ್ರ ಸರ್ಕಾರ ತಡೆ ಹಾಕಿತು. ನಮ್ಮ ದೇಶದಿಂದ ಪಶ್ಚಿಮ ಆಫ್ರಿಕಾಕ್ಕೆ ಅದು ಹೊಳೆಯ ಹಾಗೆ ಹೋಗುತ್ತಿತ್ತು. ಇಲ್ಲಿನ ಹುಡುಗರು ಟಪೆಂಟಡಾಲ್ ಜೊತೆ ನಿದ್ದೆ ಮಾತ್ರೆ, ಮೇಲೊಂದು ಕ್ವಾರ್ಟರ್ ಹಾಕುತ್ತಾರೆ. ಮೂರೂ ಉಸಿರನ್ನು ಅದುಮುವಂಥವು. ಆಲ್ಪ್ರಜೋಲಾಮ್ ಜಾತಿಯ ನಿದ್ದೆ ಮಾತ್ರೆ ಒಂದೇ ಸಾಕು, ಆ ರಾತ್ರಿಯ ನೆನಪು ಅಳಿಸಲು.

ಮತ್ತೆ, ನುಂಗುವ ಮಾತ್ರೆಯಲ್ಲಿ ಅಂಟು, ಪುಡಿ ಎಲ್ಲ ಇರುತ್ತದೆ. ಅದು ರಕ್ತನಾಳಕ್ಕೆ ಹೋಗಬೇಕಾದ್ದಲ್ಲ.

ಗಡಸುಮಾತು | ಮಂಗಳವಾರ, ರಾತ್ರಿ 9:30

ಸರಿ, ಉಸಿರು ನಿಂತು ಮಿದುಳಿಗೆ ಪೆಟ್ಟಾಗುವುದು ಒಪ್ಪುತ್ತೇನೆ. ಆದರೆ ಓವರ್‌ಡೋಸ್ ಆಗದವರೂ ಹೀಗೇ ಆಡುತ್ತಾರಲ್ಲ? ನಮ್ಮ ಬೀದಿಯ ಹುಡುಗನಿಗೆ ನೆನಪು ಚೆನ್ನಾಗಿದೆ. ಆದರೂ ಬುದ್ಧಿ ಇಲ್ಲ. ನಾಳೆ ಕೆಲಸಕ್ಕೆ ಸೇರಬೇಕು, ಇವತ್ತು ರಾತ್ರಿ ಹೋಗಿ ಹಾಕಿಕೊಂಡ. ಅದಕ್ಕೂ ಮಿದುಳು ಅನ್ನುತ್ತೀರಾ? ಎಲ್ಲದಕ್ಕೂ ಮಿದುಳು ಅಂದರೆ ಮನುಷ್ಯನ ಜವಾಬ್ದಾರಿ ಎಲ್ಲಿ ಹೋಯಿತು?

ನರ_ನಾಡಿ | ಬುಧವಾರ, ಮಧ್ಯಾಹ್ನ 12:50

ಒಳ್ಳೆ ಪ್ರಶ್ನೆ, ಸಿಟ್ಟಿನಲ್ಲಿ ಕೇಳಿದರೂ.

ಅಲ್ಲಿ ಕೆಡುವುದು ಬೇರೆ. ಹಣೆಯ ಹಿಂದಿನ ಭಾಗ. ತಡೆದುಕೊಳ್ಳುವುದು, ಮುಂದಿನದನ್ನು ಯೋಚಿಸುವುದು, ಎರಡು ವಿಷಯವನ್ನು ಒಟ್ಟಿಗೆ ತಲೆಯಲ್ಲಿ ಇಟ್ಟುಕೊಳ್ಳುವುದು ಅದರ ಕೆಲಸ. ಸಂಶೋಧಕರು ಒಂದು ಸರಳ ಆಟ ಆಡಿಸುತ್ತಾರೆ. ಈಗಲೇ ಸಾವಿರ ರೂಪಾಯಿ ಬೇಕಾ, ಒಂದು ತಿಂಗಳು ಬಿಟ್ಟು ಹೆಚ್ಚು ಬೇಕಾ? ನಾವೆಲ್ಲ ಸ್ವಲ್ಪ ಮಟ್ಟಿಗೆ "ಈಗಲೇ" ಅನ್ನುವವರೇ. ಚೀಟಿ ಹಣ ಕೂಗುವಾಗ ಎಷ್ಟು ಬಿಟ್ಟುಕೊಟ್ಟು ಎತ್ತುತ್ತೇವೆ ನೋಡಿ. ಹೆರಾಯಿನ್ ಚಟ ಇದ್ದವರು ಬೇರೆಯವರಿಗಿಂತ ತುಂಬಾ ಜಾಸ್ತಿ ಬಿಟ್ಟುಕೊಡುತ್ತಾರೆ ಅಂತ 1997ರಲ್ಲೇ ತೋರಿಸಿದ್ದಾರೆ. ಅವರಿಗೆ ನಾಳೆ ಗೊತ್ತಿಲ್ಲ ಅಂತಲ್ಲ, ನಾಳೆಗೆ ಬೆಲೆ ಇಲ್ಲ. ವಿಡ್ರಾಯಲ್, ಅಂದರೆ ಔಷಧ ಸಿಗದೆ ಮೈ ಒದ್ದಾಡುವುದು, ಶುರುವಾದಾಗ ಇದು ಇನ್ನೂ ಜೋರು. ಮೈಕೈ ನೋವು, ಬೇಧಿ, ಮೂಗು ಸೋರುವುದು. ಆಗ ನಾಳೆಯ ಕೆಲಸದ ಬಗ್ಗೆ ಯಾರು ಯೋಚಿಸುತ್ತಾರೆ?

ಜೊತೆಗೆ ಗಮನ ನಿಲ್ಲುವುದಿಲ್ಲ. ಗಮನ ಕೊಡದ್ದು ನೆನಪಿನೊಳಗೆ ಹೋಗುವುದೇ ಇಲ್ಲ. ಎರಡನೇ_ಇನ್ನಿಂಗ್ಸ್ ಹೇಳಿದ ಹತ್ತಿ ತುಂಬಿದ ತಲೆ ಇದೇ. ಬಿಟ್ಟ ಮೇಲೆ ವಾರ, ತಿಂಗಳು ಕಳೆದಂತೆ ಗಮನ ಸುಧಾರಿಸುತ್ತದೆ. ತೀರ್ಮಾನ ತೆಗೆದುಕೊಳ್ಳುವ ಶಕ್ತಿ ನಿಧಾನ. ಉಸಿರು ನಿಂತು ಸತ್ತ ಜೀವಕೋಶ ಮಾತ್ರ ವಾಪಸ್ ಬರುವುದಿಲ್ಲ. ಒಬ್ಬರಲ್ಲೇ ಎರಡೂ ಇರಬಹುದು, ಒಂದು ವಾಸಿಯಾಗುವಂಥದ್ದು, ಒಂದು ಆಗದ್ದು. ಯಾವುದು ಎಷ್ಟು ಅನ್ನುವುದಕ್ಕೇ ಪರೀಕ್ಷೆ.

ಜವಾಬ್ದಾರಿ ಎಲ್ಲೂ ಹೋಗುವುದಿಲ್ಲ. ಕಾಲು ಮುರಿದವನಿಗೂ ನಡೆಯುವ ಜವಾಬ್ದಾರಿ ಇದೆ, ಊರುಗೋಲು ಕೊಡಬೇಕು ಅಷ್ಟೇ.

ಸಂಪಿಗೆಮರ | ಬುಧವಾರ, ಸಂಜೆ 4:05

ಮಧ್ಯೆ ಬಾಯಿ ಹಾಕುತ್ತಿದ್ದೇನೆ. ನಮ್ಮಮ್ಮನಿಗೆ ಕ್ಯಾನ್ಸರ್, ಮಾರ್ಫಿನ್ ಮಾತ್ರೆ ಕೊಡುತ್ತಿದ್ದೇವೆ. ಇದನ್ನೆಲ್ಲ ಓದಿ ಕೈ ನಡುಗುತ್ತಿದೆ. ನಿಲ್ಲಿಸಲಾ?

ಬಾಸ್ಟನ್_ಬೆಣ್ಣೆದೋಸೆ | ಬುಧವಾರ, ಸಂಜೆ 4:40

ನಿಲ್ಲಿಸಬೇಡಿ! ಡಾಕ್ಟರು ಅಳತೆ ಹಾಕಿ, ಹಂತ ಹಂತವಾಗಿ ಏರಿಸಿ ಬಾಯಿಗೆ ಕೊಡುವ ಮಾರ್ಫಿನ್ ಬೇರೆ ಲೆಕ್ಕ. ಮೊದಲ ಕೆಲವು ದಿನ ಮಂಪರು ಇರಬಹುದು, ಆಮೇಲೆ ಮೈ ಒಗ್ಗುತ್ತದೆ. ತಡೆಯಲಾಗದ ನೋವೂ ಯೋಚನೆಯನ್ನು ಕೆಡಿಸುತ್ತದೆ. ಒಮ್ಮೆಲೇ ನಿಲ್ಲಿಸಿದರೆ ಅಮ್ಮ ಒದ್ದಾಡುತ್ತಾರೆ. ಎಬ್ಬಿಸಲು ಕಷ್ಟವಾಗುವಷ್ಟು ನಿದ್ದೆ, ಗೊಂದಲ, ಇಲ್ಲದ್ದು ಕಾಣುವುದು ಏನಾದರೂ ಇದ್ದರೆ ಕೂಡಲೇ ಡಾಕ್ಟರಿಗೆ ಫೋನ್ ಮಾಡಿ. ಬೇರೆ ನಿದ್ದೆ ಮಾತ್ರೆ ನೀವಾಗಿ ಸೇರಿಸಬೇಡಿ. ನಮ್ಮ ದೇಶದಲ್ಲಿ ನಿಜವಾಗಿ ನೋವಿದ್ದವರಿಗೆ ಮಾರ್ಫಿನ್ ಸಿಗದೆ ಎಷ್ಟು ಜನ ನರಳಿದರು ಅಂದರೆ, 2014ರಲ್ಲಿ ಕಾನೂನನ್ನೇ ತಿದ್ದಬೇಕಾಯಿತು.

ಸಂಪಿಗೆಮರ | ಬುಧವಾರ, ಸಂಜೆ 4:52

ಉಸಿರು ಬಂತು. ಥ್ಯಾಂಕ್ಸ್.

ನಿರ್ವಾಹಕ | ಗುರುವಾರ, ಬೆಳಿಗ್ಗೆ 8:00

ಖಾಸಗಿ ಸಂದೇಶದಲ್ಲಿ ನಾಲ್ವರು "ಆ ಹೊತ್ತಿಗೆ ಏನು ಮಾಡಬೇಕು" ಅಂತ ಕೇಳಿದ್ದಾರೆ. ಇಲ್ಲಿನ ಆರೋಗ್ಯ ಸಿಬ್ಬಂದಿ ಹೇಳಿದ್ದನ್ನು ಒಟ್ಟು ಮಾಡಿ ಹಾಕುತ್ತಿದ್ದೇನೆ.

ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿದ್ದರೆ, ಉಸಿರು ತುಂಬಾ ನಿಧಾನವಾಗಿದ್ದರೆ, ಕೂಗಿ ಅಲುಗಿಸಿದರೂ ಏಳದಿದ್ದರೆ ಓವರ್‌ಡೋಸ್ ಅಂತಲೇ ತಿಳಿಯಿರಿ. ನಮ್ಮ ಮೈಬಣ್ಣದಲ್ಲಿ ನೀಲಿ ಸುಲಭವಾಗಿ ಕಾಣುವುದಿಲ್ಲ, ಒಸಡು ಮತ್ತು ಉಗುರು ನೋಡಿ. 108ಕ್ಕೆ ಫೋನ್ ಮಾಡಿ. ಅಂಗಾತ ಮಲಗಿಸಿ, ಗದ್ದ ಮೇಲೆತ್ತಿ, ಮೂಗು ಮುಚ್ಚಿ, ಐದಾರು ಸೆಕೆಂಡಿಗೊಮ್ಮೆ ಬಾಯಿಗೆ ಉಸಿರು ಊದಿ. ನಾಡಿ ಸಿಗದಿದ್ದರೆ ಎದೆ ಒತ್ತಿ. ಉಸಿರಾಡುತ್ತಿದ್ದರೆ ಪಕ್ಕಕ್ಕೆ ಹೊರಳಿಸಿ ಮಲಗಿಸಿ. ಮಜ್ಜಿಗೆ, ನಿಂಬೆರಸ, ಹುಣಸೆನೀರು ಏನನ್ನೂ ಬಾಯಿಗೆ ಹುಯ್ಯಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ಉಪ್ಪುನೀರು ಚುಚ್ಚುವುದು ಶುದ್ಧ ಮೂಢತನ. ಏನು ತೆಗೆದುಕೊಂಡಿದ್ದಾನೆ ಅಂತ ಆಂಬುಲೆನ್ಸ್‌ನವರಿಗೆ ನಿಜ ಹೇಳಿ. ನಲೋಕ್ಸೋನ್ ಅನ್ನುವ ಇಂಜೆಕ್ಷನ್ ಇದಕ್ಕೆ ಮದ್ದು. ಅದರ ಪ್ರಭಾವ ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಮಾತ್ರ. ಎದ್ದು ಕೂತ ಅಂತ ಮನೆಗೆ ಕರೆದುಕೊಂಡು ಬರಬೇಡಿ, ಮತ್ತೆ ಉಸಿರು ನಿಲ್ಲಬಹುದು.

ಬಾಸ್ಟನ್_ಬೆಣ್ಣೆದೋಸೆ | ಗುರುವಾರ, ಬೆಳಿಗ್ಗೆ 8:25

ಇಲ್ಲಿ ಅದು ಮೂಗಿಗೆ ಹೊಡೆಯುವ ಸ್ಪ್ರೇ ರೂಪದಲ್ಲಿದೆ. 2023ರಿಂದ ಚೀಟಿ ಇಲ್ಲದೆ ಕೊಳ್ಳಬಹುದು. ನನ್ನ ಕೈಚೀಲದಲ್ಲಿ ಲಿಪ್‌ಸ್ಟಿಕ್ ಪಕ್ಕ ಒಂದಿದೆ. ಊರಿನಲ್ಲೂ ಮನೆಮನೆಯಲ್ಲಿ ಸಿಗುವ ಹಾಗಾದರೆ ಚೆನ್ನಾಗಿತ್ತು. ಬೇಗ ಕೊಟ್ಟು ಉಳಿಸಿದ ಒಂದೊಂದು ನಿಮಿಷಕ್ಕೂ ಒಂದಿಷ್ಟು ನೆನಪು ಉಳಿಯುತ್ತದೆ.

ಎರಡನೇ_ಇನ್ನಿಂಗ್ಸ್ | ಗುರುವಾರ, ಬೆಳಿಗ್ಗೆ 10:11

ಒಂದು ಸೇರಿಸಿ. ಚಟ ಬಿಡಿಸುವ ಕೇಂದ್ರದಿಂದ ಹೊರಗೆ ಬಂದ ಮೊದಲ ವಾರಗಳು ಅತಿ ಅಪಾಯ. ಮೈ ತಾಳುವ ಶಕ್ತಿ ಇಳಿದಿರುತ್ತದೆ. ಹುಡುಗ ಹಳೆಯ ಅಳತೆಯನ್ನೇ ಹಾಕುತ್ತಾನೆ, ಹೋಗುತ್ತಾನೆ. ನನ್ನ ಜೊತೆಗಿದ್ದ ಒಬ್ಬ ಹೀಗೇ ಹೋದ. ನೆನಪು ಸರಿ ಇದ್ದವನೇ ಈ ತಪ್ಪು ಮಾಡಿದ. ಹಾಕಿಕೊಂಡದ್ದನ್ನೇ ಮರೆತು ಇನ್ನೊಂದು ಹಾಕುವವನ ಗತಿ?

ಕೆರೆದಂಡೆ | ಹನ್ನೆರಡು ದಿನದ ಮೇಲೆ

ಎಲ್ಲರೂ ಕೇಳುತ್ತಿದ್ದೀರಿ. ಬರೆಯಲು ಆಗಿರಲಿಲ್ಲ.

ಮೊದಲು 14416ಕ್ಕೆ, ಅದೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಿದೆ. ಕನ್ನಡದಲ್ಲೇ ಮಾತಾಡಿದರು, ಎಲ್ಲಿಗೆ ಹೋಗಬೇಕು ಅಂತ ಹೇಳಿದರು. ಪೊಲೀಸ್ ಕೇಸಾಗುತ್ತದಾ ಅಂತ ಅಪ್ಪನಿಗೆ ಹೆದರಿಕೆ. ಎನ್‌ಡಿಪಿಎಸ್ ಕಾಯ್ದೆಯಲ್ಲೇ 64ಎ ಅಂತ ಇದೆಯಂತೆ. ಸಣ್ಣ ಪ್ರಮಾಣದ ಕೇಸಿದ್ದವನೂ ತಾನಾಗಿ ಬಂದು ಸರ್ಕಾರಿ ಅಥವಾ ಮಾನ್ಯತೆ ಇರುವ ಕಡೆ ಚಿಕಿತ್ಸೆ ಪಡೆದರೆ ವಿಚಾರಣೆಯಿಂದ ವಿನಾಯಿತಿ ಇದೆ ಅಂದರು. ಇವನ ಮೇಲೆ ಕೇಸೇ ಇಲ್ಲ. ಅಪ್ಪ ಆಮೇಲೆ ಒಪ್ಪಿದರು.

ದೊಡ್ಡಾಸ್ಪತ್ರೆಯಲ್ಲಿ ಎಂಆರ್‌ಐ ಮಾಡಿಸಿದೆವು. ಎರಡೂ ಕಡೆಯ ಹಿಪ್ಪೊಕ್ಯಾಂಪಸ್‌ನಲ್ಲಿ ಬದಲಾವಣೆ ಇದೆ. ರಕ್ತದಲ್ಲಿ ವಿಟಮಿನ್ ಬಿ12 ಕೂಡ ಕಡಿಮೆ, ಅದಕ್ಕೆ ಇಂಜೆಕ್ಷನ್ ಕೊಟ್ಟರು. ಥೈರಾಯ್ಡ್ ಸರಿ ಇದೆ. ಎಚ್‌ಐವಿ ಇಲ್ಲ, ಅಮ್ಮ ಅಲ್ಲೇ ಕೂತು ಅತ್ತರು. ನಡಿಗೆ ಸರಿ ಇದೆ.

ನೆನಪಿನ ಪರೀಕ್ಷೆ ಕನ್ನಡದಲ್ಲೇ ನಡೆಯಿತು. ಅಪ್ಪನಿಗೂ ಒಳಗೆ ಕೂರಲು ಬಿಟ್ಟಿದ್ದರು. ಕೆಲವು ಪದ ಹೇಳಿ ತಿರುಗಿ ಹೇಳು ಅಂದರು. ತಪ್ಪಿಲ್ಲದೆ ಹೇಳಿದ. ಅಪ್ಪ ನನ್ನ ಕಡೆ ನೋಡಿದರು, ನೋಡು ನಾನು ಹೇಳಲಿಲ್ಲವಾ ಅನ್ನುವ ಹಾಗೆ. ಚಿತ್ರ ಬಿಡಿಸುವುದು, ಲೆಕ್ಕ ಎಲ್ಲ ಆಯಿತು. ಆಮೇಲೆ ಆ ಮೇಡಂ "ಮೊದಲು ಹೇಳಿದ ಪದಗಳನ್ನು ಈಗ ಹೇಳಿ" ಅಂದರು. ಇವನು "ಯಾವ ಪದ? ನೀವು ಯಾವಾಗ ಹೇಳಿದ್ರಿ?" ಅಂದ. ಸುಳ್ಳು ಹೇಳುವಾಗ ಅವನ ಮುಖ ಹೇಗಿರುತ್ತದೆ ಅಂತ ಮನೆಯವರಿಗೆಲ್ಲ ಗೊತ್ತು. ಆ ಮುಖ ಇರಲಿಲ್ಲ.

ಅಪ್ಪ ಹೊರಗೆ ಬಂದು "ಕಾಫಿ ಕುಡಿಯೋಣ" ಅಂದರು. ಅವನಿಗೆ ಸಕ್ಕರೆ ಜಾಸ್ತಿ ಹಾಕಿಸಿದರು. ಅವನಿಗೆ ಹಾಗೇ ಇಷ್ಟ. ಅಷ್ಟೇ, ಇನ್ನೇನೂ ಮಾತಾಡಲಿಲ್ಲ.

ಚಟ ಬಿಡಿಸಲು ಬ್ಯುಪ್ರೆನಾರ್ಫಿನ್ ಅನ್ನುವ ಮಾತ್ರೆ ಶುರು ಮಾಡಿದ್ದಾರೆ. ದಿನಾ ನಾಲಗೆ ಕೆಳಗೆ ಇಡುವುದು. ಅಮ್ಮ ಎದುರಿಗೆ ನಿಂತು ಕೊಡುತ್ತಾರೆ. ಡಬ್ಬ ಬೀರುವಿನಲ್ಲಿ, ಬೀಗದ ಒಳಗೆ. ಇದೂ ಅದೇ ಜಾತಿಯ ಔಷಧ ತಾನೇ, ಇದರಿಂದ ತಲೆ ಇನ್ನೂ ಕೆಡುವುದಿಲ್ಲವಾ?

ನರ_ನಾಡಿ | ಅದೇ ದಿನ, ರಾತ್ರಿ 8:45

ಅದೇ ಜಾತಿ, ಆದರೆ ಉಸಿರನ್ನು ಅದುಮುವುದಕ್ಕೆ ಒಂದು ಮಿತಿ ಇರುವಂಥದ್ದು. ಜೊತೆಗೆ ಹೆಂಡ, ನಿದ್ದೆ ಮಾತ್ರೆ ಸೇರಿದರೆ ಮಾತ್ರ ಆ ಮಿತಿ ಕೆಲಸಕ್ಕೆ ಬರುವುದಿಲ್ಲ. ಬೀದಿಯ ಮಾತ್ರೆ ಮುಂದುವರಿಯುವುದಕ್ಕೂ ಇದಕ್ಕೂ ಹೋಲಿಕೆಯೇ ಇಲ್ಲ. ಇನ್ನೊಂದು ಓವರ್‌ಡೋಸ್ ಆಗದ ಹಾಗೆ ನೋಡಿಕೊಳ್ಳುವುದೇ ಈಗ ನೆನಪಿಗೆ ಮಾಡುವ ದೊಡ್ಡ ಚಿಕಿತ್ಸೆ.

ಮನೆಯಲ್ಲಿ ಹೀಗೆ ಮಾಡಿ. ಒಂದೇ ನೋಟ್‌ಬುಕ್, ಒಂದೇ ಜಾಗ, ದಾರ ಕಟ್ಟಿದ ಪೆನ್ನು. ಮಾಡಿದ್ದನ್ನು ಮಾಡಿದ ಕೂಡಲೇ ಅವನ ಕೈಯಲ್ಲೇ ಬರೆಸಿ. "ನೆನಪಿದೆಯಾ?" ಅಂತ ಪರೀಕ್ಷೆ ಮಾಡಬೇಡಿ. ಊಹಿಸಿ ತಪ್ಪು ಹೇಳಿದರೆ ಆ ತಪ್ಪೇ ತಲೆಯಲ್ಲಿ ಕೂರುತ್ತದೆ. ನೀವೇ ಸರಿ ಉತ್ತರ ಹೇಳಿ, ಅವನ ಬಾಯಲ್ಲಿ ಹೇಳಿಸಿ, ಒಂದು ನಿಮಿಷ ಬಿಟ್ಟು, ಐದು ನಿಮಿಷ ಬಿಟ್ಟು, ಇಪ್ಪತ್ತು ನಿಮಿಷ ಬಿಟ್ಟು ಮತ್ತೆ ಹೇಳಿಸಿ. ದಿನಚರಿ ಬದಲಿಸಬೇಡಿ. ಅಭ್ಯಾಸದ ದಾರಿ ಗಟ್ಟಿ ಇದೆ ಅಂದೆನಲ್ಲ, ಅದನ್ನೇ ಬಳಸಿಕೊಳ್ಳಿ. ಕೌನ್ಸೆಲಿಂಗ್ ಹತ್ತು ಹದಿನೈದು ನಿಮಿಷದ ತುಂಡು ಮಾಡಿ ಕೊಡಲು ಕೇಳಿ, ಹೇಳಿದ್ದನ್ನು ಬರೆದು ಕೊಡಲಿ. ದೊಡ್ಡಪ್ಪನ ವಿಷಯ ಮತ್ತೆ ಕೇಳಿದರೆ, ಪ್ರತಿ ಸಲವೂ ಅವನಿಗೆ ಅದು ಹೊಸ ಸಾವು. ಮೆತ್ತಗೆ ಹೇಳಿ. ಅದನ್ನೂ ಪುಸ್ತಕದಲ್ಲಿ ಬರೆದಿಡಿ.

ಗಡಸುಮಾತು | ಅದೇ ದಿನ, ರಾತ್ರಿ 9:20

ಮೊದಲ ದಿನ ಬರೆದದ್ದನ್ನು ಅಳಿಸಬೇಕು ಅಂದುಕೊಂಡೆ. ಅಳಿಸುವುದಿಲ್ಲ, ಇರಲಿ. ನಮ್ಮ ಬೀದಿಯ ಹುಡುಗನ ಅಮ್ಮನಿಗೆ ಆ 14416 ನಂಬರ್ ಕೊಟ್ಟು ಬಂದೆ.

ಕೆರೆದಂಡೆ | ಮೂರು ವಾರದ ಮೇಲೆ

ಪುಸ್ತಕ ಕೆಲಸ ಮಾಡುತ್ತಿದೆ, ಪೂರ್ತಿ ಅಲ್ಲ. ನಿನ್ನೆ ಅದರಲ್ಲಿ "ಗ್ಯಾಸ್ ಬುಕ್ ಆಗಿದೆ. ಅಕ್ಕ, ಮತ್ತೆ ಕೇಳಬೇಡ" ಅಂತ ಬರೆದಿದ್ದಾನೆ. ನಿಜವಾಗಿಯೂ ಆಗಿತ್ತು. ತಿಂದ ತಿಂಡಿ ಮಾತ್ರ ಇನ್ನೂ ನೆನಪಿರುವುದಿಲ್ಲ, ಪುಟ ತಿರುಗಿಸಿ ನೋಡಿಕೊಂಡು ಸುಮ್ಮನಾಗುತ್ತಾನೆ.

ಈಗ ಬೈಕ್ ಕೀ ಬೇಕಂತೆ. ದಿನಾ ಹೊಸದಾಗಿ ಕೇಳುತ್ತಾನೆ, ದಿನಾ ಹೊಸದಾಗಿ ಜಗಳ. ಕೊಡಬಹುದಾ?

ನರ_ನಾಡಿ | ಅರ್ಧ ಗಂಟೆ ಬಿಟ್ಟು

ಈಗ ಬೇಡ. ಡಾಕ್ಟರು ಮತ್ತೆ ನೋಡಿ, ಗಮನ ಮತ್ತು ಚುರುಕುತನದ ಪರೀಕ್ಷೆ ಆದ ಮೇಲೆ ಅವರೇ ಹೇಳಲಿ. "ಮುಂದಿನ ಚೆಕಪ್ ತನಕ ಬೈಕ್ ಇಲ್ಲ" ಅಂತ ಡಾಕ್ಟರ ಕೈಯಲ್ಲೇ ಅವನ ಪುಸ್ತಕದಲ್ಲಿ ಬರೆಸಿ, ಸಹಿ ಹಾಕಿಸಿ. ಜಗಳ ನಿಮ್ಮ ಜೊತೆ ಆಗುವುದಿಲ್ಲ, ಪುಸ್ತಕದ ಜೊತೆ ಆಗುತ್ತದೆ.

ಕೆರೆದಂಡೆ | ಅದೇ ದಿನ, ರಾತ್ರಿ 10:05

ಸರಿ ಮೇಡಂ. ಸದ್ಯಕ್ಕೆ ಕೀ ಅಕ್ಕಿ ಡಬ್ಬದ ತಳದಲ್ಲಿದೆ. ಅಪ್ಪನೂ ಹುಡುಕುತ್ತಿದ್ದಾರೆ, ಅವರಿಗೆ ಹೇಳುವುದು ಮರೆತಿದ್ದೆ.